ಹಳೆಯ ಡೆಸ್ಕ್‌ಟಾಪ್ ಪದೇ ಪದೇ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಮದರ್‌ಬೋರ್ಡ್ ಹೋಯಿತಾ?

ಹಳೇಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಹನ್ನೆರಡು ವರ್ಷ ದಾಟಿದೆ. ಮೂರನೇ ತಲೆಮಾರಿನ ಇಂಟೆಲ್ ಐ3, 4 ಜಿಬಿಯ ಎರಡು ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಷ್ಟು ವರ್ಷ ಕೈಕೊಟ್ಟಿರಲಿಲ್ಲ. ಈಗ ಕೆಲವು ವಾರಗಳಿಂದ ಕೆಲಸ ಮಾಡುತ್ತಿದ್ದಂತೆಯೇ ಪರದೆ ಪಕ್ಕನೆ ಕಪ್ಪಾಗುತ್ತದೆ. ಮರುಕ್ಷಣ ಲೋಗೋ ಬರುತ್ತದೆ, ವಿಂಡೋಸ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದು ಸಂದೇಶವೂ ಇಲ್ಲ.

ರಿಪೇರಿಯವರಿಗೆ ತೋರಿಸಿದೆ. ಮೊದಲು ಫಾರ್ಮ್ಯಾಟ್ ಮಾಡಿಕೊಟ್ಟರು. ಮನೆಗೆ ತಂದರೆ ಮತ್ತದೇ ಕಥೆ. ಇನ್ನೊಮ್ಮೆ ಒಯ್ದಾಗ ‘ಮದರ್‌ಬೋರ್ಡ್ ಹೋಗಿರಬೇಕು, ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ’ ಅಂದರು. ಆದರೆ ಅವರ ಟೇಬಲ್ ಮೇಲೆ ಇದ್ದಷ್ಟು ಹೊತ್ತು ಅದು ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲವಂತೆ. ಹಾಗಾದರೆ ಮದರ್‌ಬೋರ್ಡ್ ಅಂತ ಹೇಗೆ ಗೊತ್ತಾಯಿತು? ಅದೇ ನನಗೆ ತಿಳಿಯುತ್ತಿಲ್ಲ.

ಅಪ್ಪನ ಲೆಕ್ಕ, ಮಕ್ಕಳ ಫೋಟೋ ಎಲ್ಲ ಇದರ ಡಿ ಡ್ರೈವ್‌ನಲ್ಲೇ ಇದೆ. ಹೊಸದು ಕೊಳ್ಳಬೇಕಾದರೆ ಕೊಳ್ಳೋಣ. ಅದಕ್ಕೂ ಮೊದಲು ನಿಜವಾಗಿ ಕೆಟ್ಟಿದ್ದು ಏನು ಅಂತ ತಿಳಿಯಬೇಕು. ಎಲ್ಲಿಂದ ಹುಡುಕಲಿ?

ಮಿಂಚುಹುಳ

ಎಲ್ಲಕ್ಕಿಂತ ಮೊದಲು ಆ ಲೆಕ್ಕ ಮತ್ತು ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ದಯವಿಟ್ಟು ಇವತ್ತೇ ಮಾಡಿ. ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಕಡಿದರೆ ಫೈಲ್ ಹಾಳಾಗುತ್ತದೆ, ಕೆಲವೊಮ್ಮೆ ಇಡೀ ಪಾರ್ಟಿಶನ್ನೇ ತೆರೆಯುವುದಿಲ್ಲ. ಡಿ ಡ್ರೈವ್ ಅಂದರೆ ಅದೇ ಡಿಸ್ಕಿನ ಇನ್ನೊಂದು ಭಾಗ ಅಷ್ಟೇ. ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಕಾಪಿ ಮುಗಿಯುವಷ್ಟು ಹೊತ್ತೂ ಕಂಪ್ಯೂಟರ್ ಓಡದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಬಹುದು.

ಆಮೇಲೆ ಮೂರು ವಿಷಯ ಹೇಳಿ. ಕಪ್ಪಾಗುವ ಮೊದಲು ನೀಲಿ ಪರದೆ ಒಂದು ಕ್ಷಣ ಬಂದು ಹೋಗುತ್ತದಾ? ದಿನದ ಯಾವ ಹೊತ್ತಿನಲ್ಲಿ ಜಾಸ್ತಿ ಆಗುತ್ತದೆ? ವಿಂಡೋಸ್‌ಗೆ ಹೋಗದೆ ಬಯೋಸ್ ಪರದೆಯಲ್ಲೇ (ವಿಂಡೋಸ್‌ಗೂ ಮೊದಲು ಬರುವ, ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಪರದೆ) ಸುಮ್ನೆ ಬಿಟ್ಟರೂ ಆಗುತ್ತದಾ?

ರ‍್ಯಾಮ್‌ಕಡ್ಡಿ

ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಹಳೆಯ ಕಂಪ್ಯೂಟರ್‌ಗಳಲ್ಲಿ ರ‍್ಯಾಮ್‌ನ ಬಂಗಾರದ ಬಣ್ಣದ ತುದಿಗಳ ಮೇಲೆ ಕೊಳೆ ಕೂರುತ್ತದೆ, ಸ್ಲಾಟ್‌ನಲ್ಲಿ ಧೂಳು ತುಂಬುತ್ತದೆ. ಪ್ಲಗ್ ತೆಗೆದು, ಎರಡೂ ಕಡ್ಡಿಗಳನ್ನು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪೂರ್ತಿ ಒಣಗಿದ ಮೇಲೆ ಒಂದನ್ನೇ ಹಾಕಿ ಓಡಿಸಿ. ಆಮೇಲೆ ಅದನ್ನು ತೆಗೆದು ಇನ್ನೊಂದನ್ನು ಹಾಕಿ. ಒಂದರಲ್ಲಿ ಮಾತ್ರ ತೊಂದರೆ ಬಂದರೆ ಕಳ್ಳ ಸಿಕ್ಕಿದ ಹಾಗೆ.

ರಾತ್ರಿ ಮಲಗುವ ಮುಂಚೆ ಮೆಮ್‌ಟೆಸ್ಟ್86ಪ್ಲಸ್ ಅನ್ನು ಪೆನ್‌ಡ್ರೈವ್‌ನಿಂದ ಶುರು ಮಾಡಿ ಬಿಡಿ. ವಿಂಡೋಸ್‌ನ ಒಳಗಿನ ಮೆಮೊರಿ ಡಯಾಗ್ನೋಸ್ಟಿಕ್‌ಗಿಂತ ಅದು ಜಾಸ್ತಿ ಕಟ್ಟುನಿಟ್ಟು. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿಯನ್ನು ನಂಬಬೇಡಿ.

ಬೂಟ್‌ಮೆನು

ರ‍್ಯಾಮ್ ನೋಡಿ, ತಪ್ಪಿಲ್ಲ. ಆದರೆ ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮೊದಲು ವಿಂಡೋಸ್ ಏನು ಬರೆದಿಟ್ಟಿದೆ ಅಂತ ಓದಿ. ಅದಕ್ಕೆ ಖರ್ಚಿಲ್ಲ, ಏನೂ ಬಿಚ್ಚಬೇಕಿಲ್ಲ.

ರೀಸ್ಟಾರ್ಟ್‌ನಲ್ಲಿ ಎರಡು ಜಾತಿ. ವಿಂಡೋಸ್ ತಾನೇ ಎಡವಿ, ಮುಂದೆ ಹೋಗಲಾರದೆ ತನ್ನನ್ನೇ ರೀಸ್ಟಾರ್ಟ್ ಮಾಡಿಕೊಳ್ಳುವುದು ಒಂದು. ವಿಂಡೋಸ್‌ಗೆ ಗೊತ್ತೇ ಇಲ್ಲದೆ ಕೆಳಗಿನಿಂದ ಕರೆಂಟ್ ಕಡಿದುಹೋಗುವುದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಾರಣಗಳು ಮಾತ್ರ ಪೂರ್ತಿ ಬೇರೆ. ಇದನ್ನು ಬೇರ್ಪಡಿಸದೆ ಒಂದೊಂದೇ ಭಾಗ ಬದಲಿಸುತ್ತಾ ಹೋದರೆ ದುಡ್ಡು ನೀರಿನಂತೆ ಖಾಲಿಯಾಗುತ್ತದೆ.

ಸರ್ಚ್‌ನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್’ ತೆರೆಯಿರಿ. ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಅನ್ನುವ ಭಾಗಕ್ಕೆ ಹೋಗಿ, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ವಿಂಡೋಸ್ ಎಡವಿದರೆ ನೀಲಿ ಪರದೆ ಅಲ್ಲೇ ನಿಲ್ಲುತ್ತದೆ, ಅದರ ಮೇಲಿನ ಬರಹ ಓದಬಹುದು. ಟಿಕ್ ತೆಗೆದ ಮೇಲೂ ಪಕ್ಕನೆ ಕಪ್ಪಾಗಿ ಲೋಗೋ ಬಂದರೆ ಅದು ಎರಡನೇ ಜಾತಿ.

ಈಗ ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ರೀಸ್ಟಾರ್ಟ್ ಆದ ಸಮಯದ ಸಾಲುಗಳನ್ನು ನೋಡಿ. 1074 ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿಕೊಂಡೇ ರೀಸ್ಟಾರ್ಟ್ ಮಾಡಿದೆ, ಯಾವುದು ಅಂತಲೂ ಅಲ್ಲೇ ಬರೆದಿರುತ್ತದೆ. 6008 ಅಂದರೆ ಹಿಂದಿನ ಸಲ ಸರಿಯಾಗಿ ಆಫ್ ಆಗಲಿಲ್ಲ ಅಂತ. ಬಗ್‌ಚೆಕ್ ಹೆಸರಿನ 1001 ಇದ್ದರೆ ನೀಲಿ ಪರದೆ ಬಂದಿತ್ತು. ಎಲ್ಲರೂ ನೋಡಿ ಹೆದರುವುದು ಕರ್ನಲ್ ಪವರ್ 41 ಅನ್ನು. ಅದು ಕಾಯಿಲೆಯ ಹೆಸರಲ್ಲ. ಮತ್ತೆ ಶುರುವಾದಾಗ ‘ಹಿಂದಿನ ಸಲ ನಾನು ಸರಿಯಾಗಿ ನಿಲ್ಲಲಿಲ್ಲ’ ಅಂತ ವಿಂಡೋಸ್ ಬರೆದುಕೊಳ್ಳುವ ಸಾಲು ಅಷ್ಟೇ. ಅದರ ಡೀಟೇಲ್ಸ್ ತೆರೆದು ‘ಬಗ್‌ಚೆಕ್‌ಕೋಡ್’ ನೋಡಿ. ಅಲ್ಲಿ 0 ಇದ್ದು, ನೀಲಿ ಪರದೆ ಬಂದಾಗ ವಿಂಡೋಸ್ ವಿವರ ಬರೆದಿಡುವ ಮಿನಿಡಂಪ್ ಫೋಲ್ಡರ್ ಕೂಡ ಖಾಲಿ ಇದ್ದರೆ, ದೂರು ಬರೆಯುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿಲ್ಲ ಅಂತ ಲೆಕ್ಕ.

ಹೊಂಗೆಮರ

ವೈರಸ್ ಇರಬಹುದಲ್ವಾ? ಹಿಂದೆ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇಂಟರ್ನೆಟ್ ಹಾಕಿದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಆಗಲೂ ಎಲ್ಲರೂ ಹಾರ್ಡ್‌ವೇರ್ ಅಂದುಕೊಂಡಿದ್ದರು.

ಬೂಟ್‌ಮೆನು

ನೀವು ಹೇಳುತ್ತಿರುವುದು 2003ರ ಆಗಸ್ಟ್‌ನ ಬ್ಲಾಸ್ಟರ್ ಇರಬೇಕು. ಮರುವರ್ಷ ಸಾಸರ್ ಬಂತು, ಅದೂ ಇದೇ ಥರ. ಬ್ಲಾಸ್ಟರ್ ವಿಂಡೋಸ್‌ನ ಆರ್‌ಪಿಸಿ ಸೇವೆಯನ್ನು ಬೀಳಿಸುತ್ತಿತ್ತು, ಸಾಸರ್ ಲಾಗಿನ್ ನೋಡಿಕೊಳ್ಳುವ ಎಲ್‌ಎಸ್‌ಎಎಸ್‌ಎಸ್ ಅನ್ನು. ಅವು ಬಿದ್ದ ಕೂಡಲೇ ವಿಂಡೋಸ್ ಒಂದು ಕಿಟಕಿ ತೆರೆದು 60 ಸೆಕೆಂಡ್ ಎಣಿಸಿ ರೀಸ್ಟಾರ್ಟ್ ಆಗುತ್ತಿತ್ತು. ಅಂದರೆ ಅಲ್ಲಿ ಎಚ್ಚರಿಕೆ ಕಾಣುತ್ತಿತ್ತು. ಇಲ್ಲಿ ಕಿಟಕಿಯೂ ಇಲ್ಲ, ಎಣಿಕೆಯೂ ಇಲ್ಲ. ಫಾರ್ಮ್ಯಾಟ್ ಆದ ಮೇಲೂ ನಿಂತಿಲ್ಲ. ಬಯೋಸ್ ಪರದೆಯಲ್ಲಿ ಏನಾಗುತ್ತದೆ ನೋಡೋಣ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ, ಅದರೊಳಗಿನ ವೈರಸ್ ಮಾತು ಬಿಟ್ಟುಬಿಡಬಹುದು.

ಹಳೇಪೆಟ್ಟಿಗೆ

ಬ್ಯಾಕಪ್ ಆಯಿತು. ಮಿಂಚುಹುಳ ಅವರಿಗೆ ತುಂಬಾ ಥ್ಯಾಂಕ್ಸ್, ಅದನ್ನು ಮುಂದೂಡುತ್ತಲೇ ಇದ್ದೆ.

ಟಿಕ್ ತೆಗೆದೆ. ನೀಲಿ ಪರದೆ ಬರಲಿಲ್ಲ, ಮೊದಲಿನ ಹಾಗೇ ಪಕ್ಕನೆ ಕಪ್ಪಾಯಿತು. ಇವೆಂಟ್ ವ್ಯೂವರ್ ತುಂಬಾ 41 ಮತ್ತು 6008. ಬಗ್‌ಚೆಕ್‌ಕೋಡ್ ಎಲ್ಲ ಕಡೆ 0. ಮಿನಿಡಂಪ್ ಫೋಲ್ಡರೇ ಇಲ್ಲ.

ರ‍್ಯಾಮ್ ಒಂದೊಂದಾಗಿ ಹಾಕಿ ನೋಡಿದೆ, ಎರಡರಲ್ಲೂ ಆಗುತ್ತದೆ. ಮೆಮ್‌ಟೆಸ್ಟ್ ರಾತ್ರಿ ಪೂರ್ತಿ ಓಡಿತು, ಒಂದು ತಪ್ಪೂ ತೋರಿಸಲಿಲ್ಲ. ವಿಚಿತ್ರ ಅಂದರೆ ಅಷ್ಟು ಹೊತ್ತು ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ. ಬೆಳಿಗ್ಗೆ ಆಫ್ ಮಾಡಿ, ಸ್ನಾನ ತಿಂಡಿ ಎಲ್ಲ ಮುಗಿಸಿ ಬಂದು ಆನ್ ಮಾಡಿದರೆ ಲೋಗೋ ಹಂತದಲ್ಲೇ ಮತ್ತೆ ಮತ್ತೆ ರೀಸ್ಟಾರ್ಟ್. ಬಯೋಸ್ ಪರದೆಯಲ್ಲಿ ನಿಲ್ಲಿಸಿದೆ, ಅಲ್ಲೂ ಆಯಿತು.

ಈಗ ಗಮನಿಸಿದ ಮೇಲೆ ಗೊತ್ತಾಗುತ್ತಿದೆ. ತಣ್ಣಗಿದ್ದು ಆನ್ ಮಾಡಿದಾಗಲೇ ಜಾಸ್ತಿ. ಒಮ್ಮೆ ಸುಧಾರಿಸಿಕೊಂಡು ಓಡತೊಡಗಿದರೆ ಸಂಜೆಯವರೆಗೂ ಸುಮ್ನಿರುತ್ತದೆ. ಬಿಸಿಯಾದರೆ ಕೆಡುವುದು ಅಂತ ಕೇಳಿದ್ದೇನೆ. ತಣ್ಣಗಿದ್ದಾಗ ಕೆಡುವುದು ಅಂತ ಇದೆಯಾ?

ತಂತಿಬೇರು

ಇದೆ. ನೀವು ಹೇಳಿದ ಈ ಒಂದು ಮಾತು ಉಳಿದ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ದಾರಿ ತೋರಿಸುತ್ತದೆ. ನನ್ನ ಅನುಮಾನ ನೇರವಾಗಿ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜ್‌ಗೆ ಬದಲಿಸಿ ಕೊಡುವ ಡಬ್ಬಿಯ ಮೇಲೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎಸ್‌ಎಂಪಿಎಸ್ ಒಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಇರುತ್ತವೆ, ಪುಟ್ಟ ಡಬ್ಬಿಗಳ ಥರ ನಿಂತಿರುತ್ತವೆ. ವೋಲ್ಟೇಜ್‌ನ ಏರಿಳಿತವನ್ನು ನುಂಗಿ ಸಮ ಮಾಡುವುದು ಅವುಗಳ ಕೆಲಸ. ಒಳಗೆ ದ್ರವ ಇರುತ್ತದೆ. ವರ್ಷಗಳು ಕಳೆದಂತೆ, ಬಿಸಿಯಲ್ಲಿ ಬೆಂದಂತೆ, ಆ ದ್ರವ ಒಣಗುತ್ತದೆ. ಒಣಗಿದಷ್ಟೂ ಒಳಗಿನ ತಡೆ ಏರುತ್ತದೆ, ಅದನ್ನು ಇಎಸ್‌ಆರ್ ಅನ್ನುತ್ತಾರೆ. ತಡೆ ಏರಿದ ಕೆಪಾಸಿಟರ್ ಏರಿಳಿತವನ್ನು ಸರಿಯಾಗಿ ನುಂಗುವುದಿಲ್ಲ.

ಮುಖ್ಯ ವಿಷಯ ಈಗ ಬರುತ್ತದೆ. ಈ ತಡೆ ತಣ್ಣಗಿದ್ದಾಗ ಇನ್ನೂ ಜಾಸ್ತಿ, ಬಿಸಿಯಾದಂತೆ ಕಡಿಮೆ. ಹೊಸ ಕೆಪಾಸಿಟರ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಒಣಗಿದ ಹಳೆಯದಕ್ಕೆ ಮಾತ್ರ ಇದೇ ಗಡಿರೇಖೆ. ಬೆಳಿಗ್ಗೆ ತಣ್ಣಗಿದ್ದಾಗ ಸೋಲುತ್ತದೆ. ಆ ಸೋಲಿನ ನಡುವೆಯೇ ಸ್ವಲ್ಪ ಬಿಸಿಯಾಗಿ ಗಡಿ ದಾಟುತ್ತದೆ, ಆಮೇಲೆ ದಿನವಿಡೀ ಓಡುತ್ತದೆ. ರಿಪೇರಿಯವರ ಟೇಬಲ್ ಮೇಲೆ ಅದು ಆಗಲೇ ಬೆಚ್ಚಗಾಗಿತ್ತೋ ಏನೋ. ರಾತ್ರಿ ಮೆಮ್‌ಟೆಸ್ಟ್ ಹೊತ್ತಿಗೂ ಬೆಚ್ಚಗಿತ್ತು, ಅದಕ್ಕೇ ನಿಲ್ಲಲಿಲ್ಲ.

ಆಫ್ ಆಗಿ ಸುಮ್ಮನಿರುವ ಬದಲು ರೀಸ್ಟಾರ್ಟ್ ಯಾಕೆ ಆಗುತ್ತದೆ? ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಬೂದು ಬಣ್ಣದ ತಂತಿಯೊಂದು ಹೋಗುತ್ತದೆ. ಅದರ ಹೆಸರು ಪವರ್ ಗುಡ್. ಎಲ್ಲ ವೋಲ್ಟೇಜ್‌ಗಳೂ ಸರಿ ಇರುವಾಗ ಅದರಲ್ಲಿ ಸುಮಾರು 5 ವೋಲ್ಟ್ ಇರುತ್ತದೆ. ‘ಎಲ್ಲ ಸರಿ ಇದೆ, ನೀನು ಓಡು’ ಅಂತ ಪ್ರೊಸೆಸರ್‌ಗೆ ಹೇಳುವ ಸೂಚನೆ ಅದು. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಎಸ್‌ಎಂಪಿಎಸ್ ಈ ಸೂಚನೆಯನ್ನು ಹಿಂದಕ್ಕೆ ತಗೊಳ್ಳುತ್ತದೆ. ಆಗ ಮದರ್‌ಬೋರ್ಡ್ ಪ್ರೊಸೆಸರ್ ಅನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತದೆ. ವೋಲ್ಟೇಜ್ ಚೇತರಿಸಿಕೊಂಡ ಕೂಡಲೇ ಸೂಚನೆ ವಾಪಸ್, ಪ್ರೊಸೆಸರ್ ಮೊದಲ ಸಾಲಿನಿಂದ ಶುರು. ನಿಮಗೆ ಕಾಣುವುದು ಲೋಗೋ. ವಿಂಡೋಸ್‌ಗೆ ಇದರ ಸುಳಿವೇ ಸಿಗುವುದಿಲ್ಲ, ಹಾಗಾಗಿ ಕೋಡ್ 0.

ವಯಸ್ಸಿನ ಲೆಕ್ಕವನ್ನೂ ನೋಡಿ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುತ್ತದೆ ಅಂತ ಗುರುತಿರುವ ಕೆಪಾಸಿಟರ್ ಅಂದುಕೊಳ್ಳಿ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರು ಬಳಸುವ ಅಂದಾಜು. ಹಾಗಾದರೆ 65 ಡಿಗ್ರಿಯಲ್ಲಿ 32000 ಗಂಟೆ. ದಿನಕ್ಕೆ 8 ಗಂಟೆ ಓಡಿದರೆ ಹತ್ತು ಹನ್ನೊಂದು ವರ್ಷ. ನಿಮ್ಮದಕ್ಕೆ ಹನ್ನೆರಡು ದಾಟಿದೆ. ಅದು ಕೈಕೊಟ್ಟಿದೆ ಅನ್ನುವುದಕ್ಕಿಂತ ದುಡಿದು ದಣಿದಿದೆ ಅನ್ನುವುದು ಸರಿ.

ಮಿಂಚುಹುಳ

ತಂತಿಬೇರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮದರ್‌ಬೋರ್ಡ್ ಮೇಲೂ ಪ್ರೊಸೆಸರ್ ಸುತ್ತ ಇಂಥವೇ ಕೆಪಾಸಿಟರ್‌ಗಳಿವೆ. ಕ್ಯಾಬಿನೆಟ್ ತೆರೆದು ಟಾರ್ಚ್ ಹಾಕಿ ನೋಡಿ. ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಇಣುಕುತ್ತಿದ್ದರೆ, ರಿಪೇರಿಯವರ ಮಾತೂ ನಿಜವಾಗಬಹುದು. 2000ದ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಕೆಟ್ಟ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ರಾಶಿ ರಾಶಿ ಉಬ್ಬಿ ಹೋಗಿದ್ದವು. ನಿಮ್ಮ ಬೋರ್ಡ್ ಆ ಕಾಲದ್ದಲ್ಲ. ಅದರಲ್ಲಿ ಗಟ್ಟಿ ಪಾಲಿಮರ್ ಕೆಪಾಸಿಟರ್‌ಗಳಿದ್ದರೆ ಇನ್ನೂ ಒಳ್ಳೆಯದು, ಅವುಗಳಲ್ಲಿ ಒಣಗುವ ದ್ರವವೇ ಇರುವುದಿಲ್ಲ.

ಹಾಗೇ ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್‌ನ ತಂತಿಯನ್ನು ಬೋರ್ಡ್‌ನಿಂದ ಕಳಚಿಡಿ. ಹಳೆಯ ಬಟನ್ ಒಳಗೆ ಅಂಟಿಕೊಂಡು ತಾನೇ ಒತ್ತಿದಂತಾಗುವುದನ್ನು ನೋಡಿದ್ದೇನೆ. ಎರಡು ಪಿನ್ ಅಷ್ಟೇ. ಇದನ್ನು ಪರೀಕ್ಷಿಸುವವರು ಬಹಳ ಕಡಿಮೆ, ನನಗೆ ಅದೇ ಬೇಸರ.

ಆಟದಂಗಳ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಇದರ ಉಲ್ಟಾ. ಕಂಪ್ಯೂಟರ್ ಇದಕ್ಕಿಂತ ಹಳೆಯದು, ಇಂಟೆಲ್ ಕೋರ್ 2 ಡ್ಯುವೋ. ಬೆಳಿಗ್ಗೆ ಚೆನ್ನಾಗಿ ಶುರುವಾಗುತ್ತದೆ. ವಿಡಿಯೋ ನೋಡತೊಡಗಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಜೋರಾಗಿ ಕೂಗುತ್ತದೆ, ಆಮೇಲೆ ಆಫ್. ಕೂಡಲೇ ಆನ್ ಮಾಡಿದರೆ ಇನ್ನೂ ಬೇಗ ಆಫ್ ಆಗುತ್ತದೆ. ನನಗೂ ಎಸ್‌ಎಂಪಿಎಸ್ಸಾ?

ತಂತಿಬೇರು

ಅಲ್ಲ ಅನಿಸುತ್ತದೆ. ಬಿಸಿಯಾದಾಗ ಆಗುತ್ತದೆ, ಫ್ಯಾನ್ ಕೂಗುತ್ತದೆ, ಆಫ್ ಆಗಿಯೇ ಉಳಿಯುತ್ತದೆ. ಮೂರೂ ಸೇರಿದರೆ ಪ್ರೊಸೆಸರ್ ಬಿಸಿ. ಇಂಟೆಲ್ ಪ್ರೊಸೆಸರ್ ಬಿಸಿಯಾದಾಗ ಮೊದಲು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಿರಲಿ ಅಂತ ಕರೆಂಟನ್ನೇ ಕಡಿಸುತ್ತದೆ. ಅದು ರೀಸ್ಟಾರ್ಟ್‌ಗಿಂತ ಸಾಮಾನ್ಯವಾಗಿ ಪೂರ್ತಿ ಆಫ್.

ನಿಮ್ಮ ಕೋರ್ 2 ಡ್ಯುವೋದ ಹೀಟ್‌ಸಿಂಕ್ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ಮೇಲೆ ಕೂತಿರಬೇಕು. ಅವುಗಳಲ್ಲಿ ಒಂದು ಎದ್ದಿದ್ದರೂ ಹೀಟ್‌ಸಿಂಕ್ ಓರೆಯಾಗಿ ಪ್ರೊಸೆಸರ್‌ನಿಂದ ಸ್ವಲ್ಪ ಮೇಲೇಳುತ್ತದೆ. ಮದರ್‌ಬೋರ್ಡ್ ಹಿಂಬದಿಯಿಂದ ನೋಡಿ, ನಾಲ್ಕೂ ಪಿನ್‌ಗಳ ಕರಿ ಅಥವಾ ಬಿಳಿ ತುದಿ ಪೂರ್ತಿ ಹೊರಬಂದಿರಬೇಕು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಒರೆಸಿ, ಕಾಳಿನಷ್ಟು ಹೊಸದು ಹಾಕಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅದು ಗಿರಗಿರ ಸುತ್ತಲು ಬಿಡಬೇಡಿ. ಎಚ್‌ಡಬ್ಲ್ಯುಇನ್ಫೋ ಅನ್ನುವ ಪ್ರೋಗ್ರಾಂನಲ್ಲಿ ಬಿಸಿ ಎಷ್ಟಿದೆ ನೋಡಿ. ಏನೂ ಕೆಲಸವಿಲ್ಲದಾಗಲೇ 70 ಡಿಗ್ರಿ ದಾಟಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಆಟದಂಗಳ

ಒಂದು ಪಿನ್ ಎದ್ದಿತ್ತು! ಪೇಸ್ಟ್ ಹಾಕಿ ಕೂರಿಸಿದೆ. ಈಗ ಫ್ಯಾನ್ ಸದ್ದೇ ಕೇಳುವುದಿಲ್ಲ. ತುಂಬಾ ಉಪಕಾರವಾಯಿತು.

ಹಳೇಪೆಟ್ಟಿಗೆ

ಕ್ಯಾಬಿನೆಟ್ ತೆರೆದೆ. ಧೂಳು ತೆಗೆದೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಎಲ್ಲ ಚಪ್ಪಟೆ, ಎಲ್ಲೂ ಅಂಟಿಲ್ಲ. ಪ್ರೊಸೆಸರ್ ಬಿಸಿ 45 ಡಿಗ್ರಿ ಆಸುಪಾಸು. ರೀಸೆಟ್ ತಂತಿ ಕಳಚಿದೆ, ವ್ಯತ್ಯಾಸ ಇಲ್ಲ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿದೆ, ಅಲ್ಲೂ ಅದೇ.

ಮಲ್ಟಿಮೀಟರ್ ಇದೆ. ಎಲ್ಲಿ ಇಟ್ಟು ಅಳೆಯಬೇಕು?

ತಂತಿಬೇರು

ಬಳಸದೆ ಬಿಟ್ಟಿರುವ ನಾಲ್ಕು ತಂತಿಯ ಮೋಲೆಕ್ಸ್ ಕನೆಕ್ಟರ್ ಇದ್ದರೆ ಅಲ್ಲಿ ಸುಲಭ. ಮೀಟರ್ ಡಿಸಿ 20 ವೋಲ್ಟ್‌ನಲ್ಲಿರಲಿ. ಕರಿ ತುದಿ ಕರಿ ತಂತಿಗೆ, ಕೆಂಪು ತುದಿ ಹಳದಿಗೆ ಇಟ್ಟರೆ 12 ವೋಲ್ಟ್ ಸಾಲು. ಕೆಂಪು ತಂತಿಗೆ ಇಟ್ಟರೆ 5 ವೋಲ್ಟ್ ಸಾಲು. ತುದಿ ಜಾರಿ ಎರಡು ಪಿನ್‌ಗಳನ್ನು ಒಟ್ಟಿಗೆ ಮುಟ್ಟದಂತೆ ಬಹಳ ಜಾಗ್ರತೆ.

ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳು ಪಾಲಿಸುವ ಎಟಿಎಕ್ಸ್ ನಿಯಮದ ಪ್ರಕಾರ ಆಚೀಚೆ 5 ಶೇಕಡಾ ಮಾತ್ರ ಬಿಡುವು. 12ರ ಸಾಲು 11.4ರಿಂದ 12.6ರ ಒಳಗೆ, 5ರ ಸಾಲು 4.75ರಿಂದ 5.25ರ ಒಳಗೆ ಇರಬೇಕು. ತಣ್ಣಗಿರುವಾಗ ಆನ್ ಮಾಡಿದ ಕ್ಷಣದಿಂದಲೇ ನೋಡಿ. ಬಯೋಸ್‌ನಲ್ಲಿ ತೋರಿಸುವ ಅಂಕಿಗಳನ್ನು ಪೂರ್ತಿ ನಂಬಬೇಡಿ, ಬೋರ್ಡ್‌ನ ಸೆನ್ಸರ್‌ಗಳು ಎಷ್ಟೋ ಸಲ ತಪ್ಪು ಹೇಳುತ್ತವೆ.

ಹಳೇಪೆಟ್ಟಿಗೆ

ಬೆಳಿಗ್ಗೆ ನೋಡಿದೆ. ಹಳದಿಯಲ್ಲಿ ಆನ್ ಆದ ಕೂಡಲೇ 11.2, ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ರೀಸ್ಟಾರ್ಟ್ ಆಗಿದ್ದೂ ಆಗಲೇ. ಕೆಂಪಿನಲ್ಲಿ 4.8. ಬೆಚ್ಚಗಾದ ಮೇಲೆ ಹಳದಿ 11.8ಕ್ಕೆ ಏರಿ ನಿಂತಿತು.

ರ‍್ಯಾಮ್‌ಕಡ್ಡಿ

ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಇನ್ನು ರ‍್ಯಾಮ್ ಕಡೆ ನೋಡುವುದು ಬೇಡ. ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ.

ತಂತಿಬೇರು

ಹೌದು. ಮೀಟರ್‌ನಲ್ಲಿ ಕುಸಿತ ಕಂಡಿದ್ದು ಒಳ್ಳೆಯದಾಯಿತು. ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಮೀಟರ್ ಸರಿಯಾದ ಅಂಕಿ ತೋರಿಸಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತಲ್ಲ. ಅದು ಸರಾಸರಿ ಮಾತ್ರ ತೋರಿಸುತ್ತದೆ. 12ರ ಸಾಲಿನಲ್ಲಿ 120 ಮಿಲಿವೋಲ್ಟ್‌ಗಿಂತ ಹೆಚ್ಚು ಅಲೆ ಇರಬಾರದು ಅಂತ ನಿಯಮ. ಆ ಅಲೆ ಕಾಣಲು ಆಸಿಲೋಸ್ಕೋಪ್ ಬೇಕು. ಅದು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಕೊನೆಯ ಸಾಕ್ಷಿ ಯಾವಾಗಲೂ ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದೇ.

ಮಾಡುವಾಗ ದಿಕ್ಕು ಮರೆಯಬೇಡಿ. ಒಳ್ಳೆಯ ಎಸ್‌ಎಂಪಿಎಸ್ ಅನ್ನು ನಿಮ್ಮ ಕಂಪ್ಯೂಟರಿಗೆ ತನ್ನಿ. ಅನುಮಾನ ಇರುವುದನ್ನು ಇನ್ನೊಬ್ಬರ ಒಳ್ಳೆಯ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಬೇಡಿ. ಅದು ಕೆಟ್ಟ ವೋಲ್ಟೇಜ್ ಕೊಟ್ಟರೆ ಅಲ್ಲಿನ ಬೋರ್ಡ್ ಮತ್ತು ಡಿಸ್ಕ್ ಎರಡೂ ಹೋಗಬಹುದು. ತಂತಿಗಳೂ ಅಷ್ಟೇ. ಬಿಚ್ಚಿ ಹಾಕುವ ತಂತಿಗಳ ಮಾಡ್ಯುಲರ್ ಎಸ್‌ಎಂಪಿಎಸ್ ಸಿಕ್ಕಿದರೆ ಅದರದ್ದೇ ತಂತಿ ಬಳಸಿ. ಡಬ್ಬಿಯ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ತುದಿ ಸರಿಯಾಗಿ ಕೂತರೂ ಒಳಗೆ 5 ಇರಬೇಕಾದ ಕಡೆ 12 ಬಂದು ಡಿಸ್ಕ್ ಸುಡಬಹುದು.

ಮಳೆಬಿಲ್ಲು

ನನ್ನದೊಂದು ಸಣ್ಣ ಪ್ರಶ್ನೆ. ನನ್ನ ಕಂಪ್ಯೂಟರ್ ನಡುವೆ ರೀಸ್ಟಾರ್ಟ್ ಆಗುವುದಿಲ್ಲ. ಶಟ್‌ಡೌನ್ ಕೊಟ್ಟರೆ ಆಫ್ ಆಗಿ ಮತ್ತೆ ತಾನೇ ಆನ್ ಆಗುತ್ತದೆ. ಇದೂ ಎಸ್‌ಎಂಪಿಎಸ್ಸಾ?

ಬೂಟ್‌ಮೆನು

ಇಲ್ಲ, ನಿಮ್ಮದು ಬಹುತೇಕ ಸೆಟ್ಟಿಂಗ್ಸ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆದು ನೋಡಿ. ಅದು ಇದ್ದಾಗ ವಿಂಡೋಸ್ ಪೂರ್ತಿ ಆಫ್ ಆಗದೆ ಅರ್ಧ ಹೈಬರ್ನೇಟ್ ಆಗುತ್ತದೆ, ಹಳೆಯ ಡ್ರೈವರ್‌ಗಳು ಅಲ್ಲಿ ತಕರಾರು ಮಾಡುತ್ತವೆ. ಆಗಲೂ ಹೋಗದಿದ್ದರೆ ಬಯೋಸ್‌ನಲ್ಲಿ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್‌ನಿಂದ ಆನ್ ಆಗುವುದು) ಮತ್ತು ಕೀಬೋರ್ಡ್‌ನಿಂದ ಆನ್ ಆಗುವ ಆಯ್ಕೆ ಮುಚ್ಚಿ.

ಹಳೇಪೆಟ್ಟಿಗೆ

ತಂಗಿಯ ಮನೆಯ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಹಾಕಿದೆ. ರಾತ್ರಿ ಪೂರ್ತಿ ಪ್ಲಗ್ ತೆಗೆದು ತಣ್ಣಗಿಟ್ಟು ಬೆಳಿಗ್ಗೆ ಆನ್ ಮಾಡಿದೆ. ಒಂದೇ ಸಲಕ್ಕೆ ವಿಂಡೋಸ್ ಬಂತು! ಆಮೇಲಿನ ಬೆಳಗುಗಳಲ್ಲೂ ಹಾಗೇ. ಇವೆಂಟ್ ವ್ಯೂವರ್‌ನಲ್ಲಿ ಹೊಸ 41 ಒಂದೂ ಇಲ್ಲ. ಹಳದಿ ತಂತಿಯಲ್ಲಿ 12.1, ಅಲುಗುವುದೇ ಇಲ್ಲ. ಮದರ್‌ಬೋರ್ಡ್ ಚೆನ್ನಾಗಿಯೇ ಇತ್ತು. ನನಗಾದ ಸಂತೋಷ ಹೇಳಲು ಆಗುವುದಿಲ್ಲ. ಅಪ್ಪ ಇವತ್ತು ಲೆಕ್ಕ ಬರೆಯಲು ಕೂತಿದ್ದಾರೆ.

ತಂಗಿಯದನ್ನು ವಾಪಸ್ ಕೊಡಬೇಕು. ಹೊಸದು ಎಷ್ಟು ವ್ಯಾಟ್‌ನದ್ದು ತಗೊಳ್ಳಲಿ? ದೊಡ್ಡದಾದಷ್ಟೂ ಒಳ್ಳೆಯದಾ?

ತಂತಿಬೇರು

ಬೇಕಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ3 ಕಂಪ್ಯೂಟರ್ ಪೂರ್ತಿ ದುಡಿದರೂ 150 ವ್ಯಾಟ್ ದಾಟುವುದಿಲ್ಲ. ಒಳ್ಳೆಯ ತಯಾರಕರ 400 ಅಥವಾ 450 ವ್ಯಾಟ್ ಧಾರಾಳ ಸಾಕು. ಡಬ್ಬಿ ಮೇಲೆ ದೊಡ್ಡ ಅಂಕಿ ಬರೆದ ಹಗುರವಾದ ಎಸ್‌ಎಂಪಿಎಸ್‌ಗಿಂತ, 12ರ ಸಾಲಿನಲ್ಲಿ ಎಷ್ಟು ಆಂಪಿಯರ್ ಕೊಡುತ್ತದೆ ಅಂತ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿರುವುದು ಮೇಲು. 80 ಪ್ಲಸ್ ಗುರುತು ಎಷ್ಟು ಕರೆಂಟ್ ಪೋಲಾಗುವುದಿಲ್ಲ ಅಂತ ಹೇಳುತ್ತದೆ. ಗಟ್ಟಿಯಾಗಿ ಬಾಳುತ್ತದೆ ಅನ್ನುವುದಕ್ಕೆ ಅದೊಂದೇ ಸಾಲದು, ಗ್ಯಾರಂಟಿ ಎಷ್ಟು ವರ್ಷ ಅಂತಲೂ ನೋಡಿ. ಮುಖ್ಯ ಕನೆಕ್ಟರ್ 24 ಪಿನ್, ಪ್ರೊಸೆಸರ್‌ನದು 4 ಪಿನ್ ಅಂತ ನಿಮ್ಮ ಬೋರ್ಡ್ ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಕರೆಂಟ್ ಮಿಣುಕಿದಾಗ ಮಾತ್ರ ರೀಸ್ಟಾರ್ಟ್ ಆಗುವವರಿಗೂ ಇದು ಅನ್ವಯಿಸುತ್ತದೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಚೆನ್ನಾಗಿರುವ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತನ್ನೊಳಗಿನ ಶಕ್ತಿಯಿಂದಲೇ ತಡೆದುಕೊಳ್ಳುತ್ತದೆ. ದಣಿದದ್ದು ಅಷ್ಟು ಹೊತ್ತು ತಡೆಯುವುದಿಲ್ಲ. ಆಗ ಎಲ್ಲರೂ ಯುಪಿಎಸ್ ಬದಲಿಸುತ್ತಾರೆ. ಬ್ಯಾಟರಿಯನ್ನೂ ಪರೀಕ್ಷಿಸಬೇಕು ನಿಜ, ಅದರ ಜೊತೆಗೆ ಎಸ್‌ಎಂಪಿಎಸ್ ಅನ್ನೂ ನೋಡಿ.

ಮಿಂಚುಹುಳ

ಎಸ್‌ಎಂಪಿಎಸ್ ಬದಲಿಸಿದ ಮೇಲೆ ಡಿಸ್ಕ್‌ನ ಆರೋಗ್ಯವನ್ನೂ ಒಮ್ಮೆ ನೋಡಿ. ಇಷ್ಟು ಸಲ ಪಕ್ಕನೆ ಕರೆಂಟ್ ಕಡಿದಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂ ತೆರೆದು, ಡಿಸ್ಕ್‌ನ ಕೆಟ್ಟ ಜಾಗಗಳನ್ನು ಎಣಿಸುವ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರ್ ಸಾಲುಗಳು 0 ಇವೆಯಾ ನೋಡಿ. ಏರುತ್ತಾ ಹೋದರೆ ಎಸ್‌ಎಸ್‌ಡಿ ಹಾಕಿ. ಇಂಥ ಹಳೆಯ ಕಂಪ್ಯೂಟರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮತ್ತೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಪಟ್ಟಿಯಲ್ಲಿ ಮೂರನೇ ತಲೆಮಾರಿನ ಐ3 ಇಲ್ಲ. ಅಪ್ಪನ ಲೆಕ್ಕದ ಪ್ರೋಗ್ರಾಂ ಒಪ್ಪಿದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ. 8 ಜಿಬಿ ರ‍್ಯಾಮ್‌ಗೆ ಆರಾಮವಾಗಿ ಓಡುತ್ತದೆ.

ಹಳೇಪೆಟ್ಟಿಗೆ

ಎರಡೂ ಸಾಲು 0 ಇವೆ. 450 ವ್ಯಾಟ್‌ನದ್ದು ತಂದು ಹಾಕಿದೆ, ಚೆನ್ನಾಗಿ ಓಡುತ್ತಿದೆ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದ ಮೊದಲು ಓಡಿಸಿ ನೋಡುತ್ತೇನೆ.

ಹಳೆಯ ಎಸ್‌ಎಂಪಿಎಸ್ ಇನ್ನೂ ಇಲ್ಲೇ ಇದೆ. ಕೆಪಾಸಿಟರ್ ತಾನೇ ಒಣಗಿರುವುದು? ಬಿಚ್ಚಿ ಹೊಸದು ಬೆಸುಗೆ ಹಾಕಿದರೆ ಸರಿಹೋಗುತ್ತದಾ? ಬೆಸುಗೆ ಕಡ್ಡಿ ಹಿಡಿಯಲು ಸ್ವಲ್ಪ ಬರುತ್ತದೆ.

ತಂತಿಬೇರು

ದಯವಿಟ್ಟು ಬೇಡ. ಕಲಿಯುವ ಆಸೆ ಇರುವವರನ್ನು ತಡೆಯಲು ನನಗೆ ಇಷ್ಟವಿಲ್ಲ. ಆದರೆ ಇದೊಂದರಲ್ಲಿ ತಡೆಯುತ್ತೇನೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಒಳಗೆ ಡಿಸಿ ಆಗಿ ಬದಲಾಗುವಾಗ ಸುಮಾರು 325 ವೋಲ್ಟ್ ಆಗುತ್ತದೆ, ಅದು ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಹೋಗಿಬಿಡುವುದಿಲ್ಲ. ಅದನ್ನು ನಿಧಾನಕ್ಕೆ ಖಾಲಿ ಮಾಡುವ ರೆಸಿಸ್ಟರ್ ಕೆಟ್ಟಿದ್ದರೆ ಬಹಳ ಹೊತ್ತು ಉಳಿದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ, ಮುಟ್ಟಿದರೆ ಪ್ರಾಣಕ್ಕೇ ಅಪಾಯ.

ಬೆಸುಗೆ ಕಲಿಯಲು ಹಳೆಯ ರೇಡಿಯೋ ಬೋರ್ಡ್ ಅಥವಾ ಬ್ಯಾಟರಿಯಲ್ಲಿ ಓಡುವ ಆಟಿಕೆ ತಗೊಳ್ಳಿ. ಎಸ್‌ಎಂಪಿಎಸ್ ಅನ್ನು ತೆರೆಯದೆ, ಮೇಲೆ ‘ಕೆಟ್ಟಿದೆ’ ಅಂತ ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಬರೆಯದೆ ಕೊಟ್ಟರೆ ಅದು ಇನ್ನೊಬ್ಬರ ಕಂಪ್ಯೂಟರಿಗೆ ಹೋಗಿ ಕೂರಬಹುದು.

ಹಳೇಪೆಟ್ಟಿಗೆ

ಸರಿ, ತೆರೆಯುವುದಿಲ್ಲ. ಬರೆದು ಪಕ್ಕಕ್ಕಿಟ್ಟಿದ್ದೇನೆ. ರೀಸೆಟ್ ತಂತಿ ಮತ್ತೆ ಸಿಕ್ಕಿಸಿದೆ, ಅದರಿಂದ ತೊಂದರೆ ಏನಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.